ಆಕಳ ಲೆಕ್ಕ ಕುದುರೆಗೆ ನಡೆಯದು

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಾಗಲಿ, ಸುತ್ತಲಿನ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಾಗಲಿ, ಹೈನು ಕಟ್ಟಿದ ಮನೆಯವರಿಗೆ ಬೆದೆಯ ಲೆಕ್ಕ ಬಾಯಿಪಾಠ. ಆಕಳು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಡಾಕ್ಟರನ್ನು ಕರೆಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಇದೇ ಸೀಮೆಯಲ್ಲಿ ಕುದುರೆಗಳೂ ಇವೆ. ಜಾತ್ರೆಯ ಶರ್ಯತ್ತಿನಲ್ಲಿ ಗಾಡಿ ಎಳೆಯುವವು, ಮದುವೆಯ ಮೆರವಣಿಗೆಯಲ್ಲಿ ಮದುಮಗನನ್ನು ಹೊರುವವು, ಕುರಿ ಹಿಂಡಿನ ಜತೆ ಕುರುಬರ ಹಾಸಿಗೆ ಪಾತ್ರೆಗಳನ್ನೂ ಆಗಷ್ಟೇ ಹುಟ್ಟಿದ ಕುರಿಮರಿಗಳನ್ನೂ ಹೊತ್ತು ನಡೆಯುವ ತಟ್ಟುಗಳು. ಹೆಣ್ಣು ಕುದುರೆಯ ಬೆದೆಯ ಚಕ್ರವೂ ಹೆಚ್ಚುಕಡಿಮೆ 21 ದಿನದ್ದೇ. ಅಂಕಿ ಒಂದೇ ಆಗಿರುವುದರಿಂದಲೇ ಮೋಸವಾಗುತ್ತದೆ. ಆಕಳಿಗೆ ಸರಿಯಾದ ರೂಢಿಯನ್ನು ಕುದುರೆಗೆ ಹಚ್ಚಿದರೆ ಗಬ್ಬ ನಿಲ್ಲುವುದಿಲ್ಲ, ನಿಂತರೂ ಈಯುವ ಹೊತ್ತಿಗೆ ತಾಯಿಯ ಜೀವಕ್ಕೇ ಬರಬಹುದು.

ಆಕಳ ಬೆದೆ ಒಂದು ದಿನವೂ ತುಂಬುವುದಿಲ್ಲ. ಬೆದೆ ಇಳಿದು ಹತ್ತು ಹನ್ನೆರಡು ತಾಸಾದ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಅರ್ಧ ದಿನ ಕಾಯುವ ರೂಢಿ ಹುಟ್ಟಿದ್ದು ಅದಕ್ಕೇ. ಕುದುರೆಯದು ತದ್ವಿರುದ್ಧ. ಅದರ ಬೆದೆ ಐದರಿಂದ ಏಳು ದಿನ ನಡೆಯುತ್ತದೆ, ಅಂಡ ಹೊರಬೀಳುವುದು ಬೆದೆ ಮುಗಿಯುವುದಕ್ಕೆ ಒಂದೆರಡು ದಿನ ಮೊದಲು. ಮೊದಲ ದಿನವೇ ಗಂಡು ಕುದುರೆಗೆ ಕೊಡಿಸಿ ಮನೆಗೆ ಬಂದವನು ತೀರ ಬೇಗ ಹೋಗಿರುತ್ತಾನೆ. ಬೆದೆ ಇಳಿಯಲಿ ಎಂದು ಕಾದವನಿಗೆ ಹೊತ್ತು ಮೀರಿರುತ್ತದೆ, ಯಾಕೆಂದರೆ ಬಿಡುಗಡೆಯಾದ ಅಂಡಕ್ಕೆ ಕೆಲವೇ ತಾಸುಗಳ ಆಯುಸ್ಸು. ವೀರ್ಯ ಎರಡು ದಿನ ಜೀವ ಹಿಡಿದಿರುತ್ತದೆ. ಆದ್ದರಿಂದ ಎರಡನೆಯ ಅಥವಾ ಮೂರನೆಯ ದಿನದಿಂದ ಹಿಡಿದು, ಹೆಣ್ಣು ತಾನೇ ಒಲ್ಲೆ ಎನ್ನುವವರೆಗೆ ದಿನ ಬಿಟ್ಟು ದಿನ ಕೊಡಿಸುವುದು ಕುದುರೆ ಸಾಕುವವರ ಹಳೆಯ ಕ್ರಮ. ಬೆದೆಯ ಗುರುತೂ ಬೇರೆ. ಬೆದೆಗೆ ಬಂದ ಆಕಳು ಒದರುತ್ತದೆ, ಬೇರೆ ದನಗಳ ಮೇಲೆ ಹತ್ತುತ್ತದೆ. ಗಂಡಿಲ್ಲದ ಕೊಟ್ಟಿಗೆಯಲ್ಲೂ ಅದು ಕಾಣುತ್ತದೆ. ಕುದುರೆ ಬಾಲ ಎತ್ತಿ, ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ದು, ಯೋನಿಯ ತುಟಿಗಳನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತದೆ, ಅದೂ ಬಹುಮಟ್ಟಿಗೆ ಗಂಡು ಎದುರಿಗಿದ್ದಾಗ ಮಾತ್ರ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂನಂಥ ಕಡೆ ಹೆಣ್ಣನ್ನು ಪರೀಕ್ಷಿಸಲೆಂದೇ ಒಂದು ಗಂಡನ್ನು ಇಟ್ಟುಕೊಳ್ಳುವ ಪದ್ಧತಿ ಇರುವುದು ಇದಕ್ಕಾಗಿ. (ಆ ಪಾಪದ ಗಂಡಿಗೆ ಕೂಡುವ ಯೋಗವಿಲ್ಲ, ಮೂಸಿ ನೋಡುವ ಚಾಕರಿ ಮಾತ್ರ.) ಅಂಗಳದಲ್ಲಿ ಒಂಟಿಯಾಗಿ ಕಟ್ಟಿದ ಕುದುರೆಯ ಬೆದೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು, ಕಂಡರೂ ಹಟಮಾರಿತನವೆಂದು ಏಟು ತಿನ್ನಬಹುದು.

ಒಂದೇ 21 ದಿನದೊಳಗೆ ಇಷ್ಟು ಅಂತರ ಯಾಕೆ? ಅರ್ಧ ಉತ್ತರ ಗಬ್ಬದ ಅವಧಿಯಲ್ಲಿದೆ. ಆಕಳು ಸುಮಾರು 280 ದಿನಕ್ಕೆ ಈಯುತ್ತದೆ. ವರ್ಷಕ್ಕೊಂದು ಕರು ಬೇಕಿದ್ದರೆ ನಡುವೆ 85 ದಿನ ಬಿಡುವಿರುತ್ತದೆ. ಕುದುರೆಯ ಗಬ್ಬ ಸರಾಸರಿ 340 ದಿನ. 365ರಲ್ಲಿ ಅದನ್ನು ಕಳೆದರೆ ಉಳಿಯುವುದು ಬರೇ 25. ಹುಲ್ಲು ಚಿಗುರುವ ಕಾಲಕ್ಕೇ ಪ್ರತಿವರ್ಷ ಮರಿ ಹಾಕಬೇಕಾದ ಪ್ರಾಣಿಗೆ ಬಾಣಂತನಕ್ಕೆ ಪುರಸೊತ್ತಿಲ್ಲ. ಅದಕ್ಕೆಂದೇ ಈದು ಒಂದು ವಾರ, ಹತ್ತು ದಿನದೊಳಗೆ ಅದು ಮತ್ತೆ ಬೆದೆಗೆ ಬರುತ್ತದೆ, ಮರಿ ಇನ್ನೂ ಮೊಲೆ ಬಿಡದಿರುವಾಗಲೇ. ನಿಸರ್ಗವೇ ಕೊಟ್ಟ ಈ ಬೆದೆಯಲ್ಲಿ ಗಬ್ಬ ಕಟ್ಟಿಸುವುದೇ ಸರಿಯಲ್ಲವೇ ಎಂದು ಕೇಳಬಹುದು. ಎಲ್ಲ ಕುದುರೆಗೂ ಅಲ್ಲ. ಈ ಬೆದೆಯಲ್ಲಿ ಗಬ್ಬ ನಿಲ್ಲುವ ಸಾಧ್ಯತೆ ಮುಂದಿನದಕ್ಕಿಂತ ಕಡಿಮೆ, ಗರ್ಭಕೋಶ ಪೂರ್ತಿ ಚೊಕ್ಕಟವಾಗಿರದಿದ್ದರೆ ನಿಂತದ್ದೂ ಬೀಳಬಹುದು. ಸಲೀಸಾಗಿ ಈದ, ಮೈಕಟ್ಟಿನ ಕುದುರೆಗೆ ಅದು ಸರಿ. ಬಳಲಿದ್ದಕ್ಕೆ ತಿಂಗಳ ಹೊತ್ತಿಗೆ ಬರುವ ಎರಡನೆಯ ಬೆದೆಯೇ ಲೇಸು.

ಉತ್ತರದ ಇನ್ನರ್ಧ ಬೆಳಕಿನಲ್ಲಿದೆ. ಹಗಲು ಉದ್ದವಾದಂತೆ ಕುದುರೆಯ ಅಂಡಾಶಯ ಚುರುಕಾಗುತ್ತದೆ, ಗಿಡ್ಡವಾದಂತೆ ಮಲಗುತ್ತದೆ. ಆಕಳು ವರ್ಷವಿಡೀ ಬೆದೆಗೆ ಬಂದರೆ, ಯುರೋಪಿನ ಕುದುರೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬರುವುದೇ ಇಲ್ಲ. ಜನವರಿ 1ನ್ನೇ ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬವೆಂದು ಎಣಿಸುವ ರೂಢಿ ಭಾರತದಲ್ಲೂ ಇರುವುದರಿಂದ, ವರ್ಷದ ಆರಂಭದಲ್ಲೇ ಮರಿ ಬೇಕೆನ್ನುವ ತಳಿಗಾರರು ಲಾಯದಲ್ಲಿ ದೀಪ ಹಚ್ಚಿ ಹಗಲನ್ನು 16 ತಾಸಿಗೆ ಹಿಗ್ಗಿಸುವ ಉಪಾಯ ಕಂಡುಕೊಂಡಿದ್ದಾರೆ. ಕರೋಶಿಯ ಬಿಸಿಲಿನಲ್ಲಿ ಇದಕ್ಕೇನು ಅರ್ಥ ಎಂಬ ಆಕ್ಷೇಪದಲ್ಲಿ ಹುರುಳಿದೆ. ಲಂಡನ್ನಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಎಂಟು ತಾಸಿಗಿಂತ ಹೆಚ್ಚಿನ ಅಂತರ. 16 ಡಿಗ್ರಿ ಅಕ್ಷಾಂಶದ ಆಸುಪಾಸಿನ ನಮ್ಮಲ್ಲಿ ಎರಡೇ ತಾಸು. ಹೀಗಾಗಿ ನಮ್ಮ ಕುದುರೆಗಳಿಗೆ ಋತುವಿನ ಕಟ್ಟು ಸಡಿಲ, ಮೇವಿನ ಕಟ್ಟು ಬಿಗಿ. ಬೇಸಿಗೆಯಲ್ಲಿ ಒಣ ಕಣಕಿಯ ಮೇಲೆಯೇ ದಿನ ನೂಕಿ ಪಕ್ಕೆಲುಬು ಎದ್ದ ಕುದುರೆಗೆ ದೀಪ ಹಚ್ಚಿ ಫಲವಿಲ್ಲ, ಹೊಟ್ಟೆಗೆ ಹಾಕಬೇಕು.

ಹಿರಿಯರು ಯಾವ ಲೆಕ್ಕವನ್ನೂ ಇಡಲಿಲ್ಲ, ಆದರೂ ಕುದುರೆಗಳು ಈಯುತ್ತಿದ್ದವಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಈಯುತ್ತಿದ್ದವು, ನಿಜ. ಹಿಂಡಿನ ಜತೆಗೆ ಗಂಡು ತಟ್ಟೂ ನಡೆಯುತ್ತಿದ್ದಾಗ ಲೆಕ್ಕವನ್ನು ಅದೇ ಇಡುತ್ತಿತ್ತು. ದಿನಾ ಮೂಸಿ ನೋಡುವ ಜೀವಕ್ಕೆ ಕ್ಯಾಲೆಂಡರ್ ಬೇಡ. ಈಗ ಹೆಣ್ಣು ಒಂದೂರಿನಲ್ಲಿ, ಬೀಜದ ಗಂಡು ಮೂರು ಊರಾಚೆ. ಗಂಡು ಮಾಡುತ್ತಿದ್ದ ಕೆಲಸ ಮನುಷ್ಯನ ತಲೆಗೆ ಬಂದಿದೆ, ಮನುಷ್ಯನ ತಲೆಯಲ್ಲಿರುವುದು ಆಕಳ ಲೆಕ್ಕ.

ಗಬ್ಬ ನಿಂತ ಮೇಲೂ ಇದೇ ಗೊಂದಲ. ಕುರಿ ಅವಳಿ ಹಾಕಿದರೆ ಕುರುಬನಿಗೆ ಲಾಭ. ಕುದುರೆಗೆ ಅವಳಿ ಅನಾಹುತ: ಅದರ ಮಾಸು ಗರ್ಭಕೋಶದ ಒಳಗೋಡೆಯನ್ನೆಲ್ಲ ಹಬ್ಬಿ ಒಂದೇ ಮರಿಗೆ ಅನ್ನ ಒದಗಿಸುವಂಥದು. ಎರಡಾದರೆ ಎರಡಕ್ಕೂ ಸಾಲದೆ ಬಹುಪಾಲು ಗಬ್ಬ ಬಿದ್ದುಹೋಗುತ್ತದೆ. ಆದ್ದರಿಂದ ಎರಡು ವಾರದ ಹೊತ್ತಿಗೇ ಸ್ಕ್ಯಾನ್ ಮಾಡಿ, ಅವಳಿಯಿದ್ದರೆ ವೈದ್ಯರು ಒಂದನ್ನು ಒತ್ತಿ ಇಲ್ಲವಾಗಿಸುತ್ತಾರೆ. ಕೇಳಲು ಕ್ರೂರ, ಆದರೆ ಒಂದಾದರೂ ಉಳಿಯುವ ದಾರಿ ಅದು. ತಡಮಾಡುವಂತಿಲ್ಲ, ಸುಮಾರು 40 ದಿನ ದಾಟಿದ ಮೇಲೆ ಗಬ್ಬ ಹೋದರೆ, ಗರ್ಭಕೋಶದಲ್ಲಿ ಆಗಲೇ ಬೇರೂರಿದ ಹಾರ್ಮೋನಿನ ಗಂಟುಗಳಿಂದಾಗಿ ಕುದುರೆ ತಿಂಗಳುಗಟ್ಟಲೆ ಸರಿಯಾದ ಬೆದೆಗೆ ಬರದೆ ಆ ವರ್ಷವೇ ಕೈಬಿಡುತ್ತದೆ.

ಈಯುವ ರಾತ್ರಿಯಂತೂ ಆಕಳ ಮನೆಯ ತಾಳ್ಮೆಯೇ ಶತ್ರು. ರಾತ್ರಿ ಎನ್ನಲು ಕಾರಣವಿದೆ, ಹೆಚ್ಚಿನ ಕುದುರೆಗಳು ಈಯುವುದು ಕತ್ತಲಲ್ಲೇ. ನೀರೊಡೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮರಿ ನೆಲಕ್ಕೆ ಬೀಳಬೇಕು; ಆಕಳಿನಂತೆ ತಾಸುಗಟ್ಟಲೆ ಕಾಯುತ್ತ ಕೂತರೆ ಮರಿ ಉಸಿರುಗಟ್ಟುತ್ತದೆ. ಮಾಸಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಆಕಳ ಮಾಸು ಬೀಳಲು ಅರ್ಧ ದಿನ ಕಾದರೂ ನಡೆದೀತು, ಕುದುರೆಗೆ ಮೂರೇ ತಾಸು. ಅದು ಒಳಗೆ ಕೊಳೆತರೆ ನಂಜು ಮೈಗೇರಿ, ಗೊರಸಿನೊಳಗೆ ಬಾವು ಬಂದು, ಉಳಿದರೂ ಕುದುರೆ ಶರ್ಯತ್ತಿಗಿರಲಿ, ನಡೆಯಲಿಕ್ಕೂ ಬಾರದಂತಾಗಬಹುದು. ಬಿದ್ದ ಮಾಸನ್ನು ಹೂಳುವ ಮೊದಲು ನೆಲದ ಮೇಲೆ ಹರಡಿ ನೋಡಬೇಕು; ನಾಯಿಗಳನ್ನು ದೂರವಿಟ್ಟು, ವೈದ್ಯರು ಬರುವವರೆಗೆ ಕಾದಿಡಬೇಕು. ಅದಕ್ಕೆ ಎರಡು ಕೊಂಬಿನಂಥ ತುದಿಗಳಿರುತ್ತವೆ. ಹರಿದು ಒಳಗೇ ಉಳಿಯುವುದು ಹೆಚ್ಚಾಗಿ ಮರಿ ಇಲ್ಲದ ಬದಿಯ ಸಣ್ಣ ಕೊಂಬಿನ ತುದಿ.