ಮರೆವನ್ನು ಕಳೆದ ಹಾಡು
ಲೂಟಿಯಾದ ಬೊಕ್ಕಸವನ್ನು ಒಂದೆರಡು ತಲೆಮಾರಿನಲ್ಲಿ ತುಂಬಿಕೊಳ್ಳಬಹುದು. ತನ್ನ ಹಿರಿಯರಾರೆಂಬುದನ್ನೇ ಮರೆತ ಜನಾಂಗವು ಸ್ವಂತ ಧ್ವಜವನ್ನೇರಿಸಿಯೂ ದಾಸ್ಯದಲ್ಲಿಯೇ ಉಳಿಯುತ್ತದೆ. ಜಮೈಕಾ ದ್ವೀಪದ ಒಂದು ಗಾನಮುದ್ರಿಕೆಯು ಈ ಮಾತಿಗೆ ನಿದರ್ಶನವಾಗಿರುವುದರಿಂದ ಅದರ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ಆ ದ್ವೀಪದ ಸೇಂಟ್ ಆನ್ಸ್ ಬೇ ಎಂಬ ಊರಿನಲ್ಲಿ 1887ರಲ್ಲಿ ಜನಿಸಿದ ಮಾರ್ಕಸ್ ಗಾರ್ವೆಯವರು, ಆಫ್ರಿಕಾ ಮೂಲದ ಜನರ ಏಳಿಗೆಗಾಗಿ 1914ರಲ್ಲಿ ಸಂಘವೊಂದನ್ನು ಸ್ಥಾಪಿಸಿ, ಅಮೆರಿಕದಲ್ಲಿ ಅದನ್ನು ಬೆಳೆಸಿ, ಹಡಗಿನ ಕಂಪೆನಿಯೊಂದನ್ನೂ ನಡೆಯಿಸಿದರು. ಅಂಚೆಯ ಮೂಲಕ ವಂಚಿಸಿದರೆಂಬ ಆರೋಪದ ಮೇಲೆ 1923ರಲ್ಲಿ ಶಿಕ್ಷೆಗೊಳಗಾಗಿ, 1927ರಲ್ಲಿ ಗಡೀಪಾರಾಗಿ, 1940ರಲ್ಲಿ ಲಂಡನ್ನಿನಲ್ಲಿ ಕಾಲವಾದರು. 1962ರಲ್ಲಿ ಸ್ವತಂತ್ರವಾದ ಜಮೈಕಾವು 1964ರಲ್ಲಿ ಅವರ ದೇಹಾವಶೇಷವನ್ನು ತರಿಸಿ ಗೌರವದಿಂದ ಸಮಾಧಿಮಾಡಿತು. ಆದರೆ ಸಮಾಧಿಗೆ ಹೂವೇರಿಸುವುದು ಬೇರೆ, ಉಪದೇಶವನ್ನು ನೆನೆಯುವುದು ಬೇರೆ.

ಅದೇ ಊರಿನವರಾದ ವಿನ್‌ಸ್ಟನ್ ರಾಡ್ನಿಯವರು ‘ಬರ್ನಿಂಗ್ ಸ್ಪಿಯರ್’ ಎಂಬ ಹೆಸರಿನಲ್ಲಿ, ಇಬ್ಬರು ಸಂಗಡಿಗರೊಡನೆ ಹಾಡಿ, 1975ರಲ್ಲಿ ‘ಮಾರ್ಕಸ್ ಗಾರ್ವೆ’ ಎಂಬ ಮುದ್ರಿಕೆಯನ್ನು ಹೊರತಂದರು. ರೆಗ್ಗೆ ಎಂಬ ಆ ದ್ವೀಪದ ಗಾನಪದ್ಧತಿಗೆ ಸೇರಿದ ಈ ಹಾಡುಗಳಲ್ಲಿ ಮಂದಗತಿಯ ತಾಳವೂ ಕಹಳೆಗಳ ಮೇಳವೂ ಭಜನೆಯಂತೆ ಮರಳಿಮರಳಿ ಬರುವ ನುಡಿಯೂ ಇವೆ. ಗುಲಾಮಗಿರಿಯ ದಿನಗಳ ಸ್ಮರಣೆಯಿದೆ. ಗಾರ್ವೆಯವರನ್ನು ಮರೆತ ಸ್ವಜನರ ಮೇಲೆ ನಿಷ್ಠುರವಾದ ಆಕ್ಷೇಪವಿದೆ. ಪರರನ್ನು ಹಳಿಯುವುದು ಸುಲಭ. ತನ್ನವರನ್ನೇ ಎಚ್ಚರಿಸುವುದಕ್ಕೆ ಎದೆಗಾರಿಕೆ ಬೇಕು.

ಐಲೆಂಡ್ ಕಂಪೆನಿಯು ಬಿಳಿಯ ಶ್ರೋತೃಗಳ ರುಚಿಗೆ ಒಗ್ಗಲೆಂದು ಧ್ವನಿಯನ್ನು ತಿದ್ದಿ ಈ ಮುದ್ರಿಕೆಯನ್ನು ವಿದೇಶದಲ್ಲಿ ಮಾರಿತು. ರಾಡ್ನಿಯವರಿಗೆ ಇದು ಸಮ್ಮತವಾಗಲಿಲ್ಲ. ತಮ್ಮ ಹಾಡುಗಳನ್ನು ಹೊರತರಲು ಅವರು ಸ್ವಂತ ಸಂಸ್ಥೆಯನ್ನೇ ಆರಂಭಿಸಿದರು. ಸ್ವಾವಲಂಬನವನ್ನು ಹಾಡಿದವರು ಅದನ್ನು ಆಚರಿಸಿಯೂ ತೋರಿದರೆಂಬುದು ಗಮನಾರ್ಹ.

ಧ್ವನಿಯನ್ನು ತಿದ್ದಿದರೂ ಸಂದೇಶವು ಅಳಿಯಲಿಲ್ಲ. ಆಂಗ್ಲರ ಆಳ್ವಿಕೆಯನ್ನು ಶತಮಾನಗಳ ಕಾಲ ಕಂಡ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಅವರು 2005ರಲ್ಲಿ ಅದೇ ಶಿರೋನಾಮೆಯ ಹಾಡನ್ನು ತಾವೂ ಹಾಡಿ ಮುದ್ರಿಸಿದರು. ರೆಗ್ಗೆಯನ್ನು 2018ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬೈಡನ್ನರು ಗಾರ್ವೆಯವರಿಗೆ ಮರಣೋತ್ತರ ಕ್ಷಮಾದಾನವನ್ನಿತ್ತರು. ಇದಕ್ಕೆ ಹಾಡೇ ಕಾರಣವೆಂದು ನಾವು ಹೇಳಲಾರೆವು. ಆದರೆ ನ್ಯಾಯವು ತಡವಾಗಿ ಬಂದಾಗ ಅದನ್ನು ಬರಮಾಡಿಕೊಳ್ಳಲು ಆ ಹೆಸರು ಜನರ ನಾಲಗೆಯ ಮೇಲೆ ಉಳಿದಿರಬೇಕಷ್ಟೆ. ಹಾಗೆ ಉಳಿಸಿದುದರಲ್ಲಿ ಈ ಮುದ್ರಿಕೆಯ ಪಾಲು ಅಲ್ಪವಲ್ಲ.

ಸ್ವಾತಂತ್ರ್ಯವನ್ನು ಗಳಿಸಿದ ಯಾವ ನಾಡಿನವರಾದರೂ ಈ ಪಾಠವನ್ನು ಮನಗಾಣುವುದು ಲೇಸು. ಹಿರಿಯರ ಋಣವು ಪ್ರತಿಮೆಯಿಂದ ತೀರದು, ಸ್ಮರಣೆಯಿಂದ ತೀರುವುದು.