ಕೊಪ್ಪಲಿನ ಹುಡುಗ ಹುಡುಕಿ ತಂದ ಸಾವಿರ ಹೆಸರುಗಳು

ಗೋವಿಂದನಹಳ್ಳಿ ನೋಡಿದ್ದೀರಾ? ಕೆ.ಆರ್. ಪೇಟೆ ತಾಲ್ಲೂಕು, ಕಿಕ್ಕೇರಿಯ ಹತ್ತಿರ. ಹೊಲಗದ್ದೆಗಳ ನಡುವಿನ ಸಣ್ಣ ಊರು. ಅಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ, ಐದಕ್ಕೂ ಒಂದೊಂದು ಶಿಖರ. ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ ಎಂದು ಶಿವನ ಐದು ಮುಖಗಳಿಗೆ ಐದು ಲಿಂಗಗಳು. ಇಷ್ಟೇ ಸಾಕು ಬೆರಗಾಗುವುದಕ್ಕೆ. ಆದರೆ ನಿಜವಾಗಿ ಮೈ ಜುಮ್ಮೆನ್ನುವುದು ಇಲ್ಲಿ ಕೆಲಸ ಮಾಡಿದ ರೂವಾರಿಯ ಹೆಸರು ಕೇಳಿದಾಗ. ಮಲ್ಲಿತಮ್ಮ! ಎಂಟು ನೂರು ವರ್ಷಗಳ ಹಿಂದೆ ಉಳಿ ಸುತ್ತಿಗೆ ಹಿಡಿದು ಕೂತಿದ್ದ ಒಬ್ಬ ಕೆಲಸಗಾರನ ಹೆಸರು ನಮಗೆ ಗೊತ್ತು!

ಇದೇ ಮಲ್ಲಿತಮ್ಮ 1196ರ ಅಮೃತಾಪುರದಲ್ಲೂ ಸಿಗುತ್ತಾನೆ, 1246ರ ನುಗ್ಗೇಹಳ್ಳಿಯಲ್ಲೂ ಸಿಗುತ್ತಾನೆ. ಸೋಮನಾಥಪುರಕ್ಕೆ ಹೋದರೆ ವಿಗ್ರಹದ ನಂತರ ವಿಗ್ರಹದ ಕೆಳಗೆ, ಸುಮಾರು 40 ಕಡೆ, ಅವನದೇ ರುಜು. ಅರ್ಧ ಶತಮಾನಕ್ಕೂ ಮೀರಿದ ಕೈ! ಒಬ್ಬನೇ ಮಲ್ಲಿತಮ್ಮನೋ, ಅಜ್ಜನ ಹೆಸರು ಹೊತ್ತ ಮೊಮ್ಮಗನೋ? ಹೀಗೊಂದು ಪ್ರಶ್ನೆ ಕೇಳುವ ಭಾಗ್ಯ ನಮಗೆ ಬಂದದ್ದಾದರೂ ಹೇಗೆ? ಜನ ಗುಡಿಗೆ ಬಂದರೆ ದೇವರನ್ನು ನೋಡುತ್ತಾರೆ, ಬಹಳವೆಂದರೆ ಕಟ್ಟಿಸಿದ ದೊರೆಯನ್ನು ವಿಚಾರಿಸುತ್ತಾರೆ. ಪೀಠದ ಅಂಚಿನಲ್ಲಿ ಎಣ್ಣೆ, ಧೂಳು ಮೆತ್ತಿಕೊಂಡ ನಾಲ್ಕು ಅಕ್ಷರಗಳನ್ನು ಒರೆಸಿ ಓದಿ, ಇದನ್ನು ಮಾಡಿದವನು ಇಂಥವನು ಎಂದು ಪಟ್ಟಿ ಮಾಡಿ ಅಚ್ಚು ಹಾಕಿಸುವವರು ಒಬ್ಬರು ಬೇಕಿತ್ತು. ಸೋಮನಾಥಪುರದ ಗುಡಿಯ ಮೇಲೆ 1917ರಲ್ಲಿ ಪುಸ್ತಕ ಬರೆದು ಆ ಕೆಲಸ ಮಾಡಿದವರು ಆರ್. ನರಸಿಂಹಾಚಾರ್ಯರು. ಅವರು ಹುಟ್ಟಿದ್ದು ಎಲ್ಲಿ ಎಂದು ನೋಡಿದೆ, ನೋಡಿ ಹಿಗ್ಗಿಹೋದೆ: ಶ್ರೀರಂಗಪಟ್ಟಣ ತಾಲ್ಲೂಕಿನ ಮಂಡ್ಯದ ಕೊಪ್ಪಲು!

1860ರ ಏಪ್ರಿಲ್ 9. ಟಿಪ್ಪುವಿನ ಕೋಟೆ ಬಿದ್ದು ಆಗಿನ್ನೂ 61 ವರ್ಷ. ಕೋಟೆಯೊಳಗಿನ ಗ್ರಂಥ ಭಂಡಾರ ಹಡಗು ಹತ್ತಿ ಹೋಗಿತ್ತು, ಅರಮನೆ ಮೈಸೂರಿಗೆ ಹೋಗಿತ್ತು, ಪಟ್ಟಣ ಬರಿದಾಗಿತ್ತು. ಆ ಬರಿದಾದ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಹುಡುಗ 1893ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡ ಎಂ.ಎ. ಮಾಡುತ್ತಾನೆ. ಆ ಪದವಿ ಪಡೆದವರಲ್ಲಿ ಮೊಟ್ಟಮೊದಲಿಗ! ಮುಂದೆ 1906ರಲ್ಲಿ ಬಿ.ಎಲ್. ರೈಸ್ ನಿವೃತ್ತರಾದಾಗ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆ ಈ ಕೊಪ್ಪಲಿನವರ ಕೈಗೆ ಬರುತ್ತದೆ. 1922ರವರೆಗೆ ಅವರದು ಊರೂರು ತಿರುಗುವ ಕೆಲಸ.

ರೈಸ್ ಸಾಮಾನ್ಯರಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಆ ಮಹಾನುಭಾವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಆಗಲೇ ಸೇರಿಸಿದ್ದರು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟವನ್ನೇ ನೋಡಿ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ 50ನೆಯ ವರ್ಷ, ಅಂದರೆ ಕ್ರಿ.ಶ. 776ರ ಸುಮಾರು. ಶ್ರೀಪುರದ ಬಡಗಣ ದಿಕ್ಕಿನಲ್ಲಿ ಒಂದು ಬಸದಿ, ಅದಕ್ಕೆ ‘ಲೋಕತಿಲಕ’ ಎಂದು ಹೆಸರು, ಕಟ್ಟಿಸಿದವಳು ಕುಂದಾಚ್ಚಿ ಎಂಬ ಹೆಣ್ಣುಮಗಳು. ಪಂಪನಿಗಿಂತ ಎಷ್ಟೋ ಹಿಂದಿನ ಹೆಂಗಸು, ಹೆಸರು ಸಮೇತ ನಮ್ಮ ಮುಂದೆ! ಕಿಕ್ಕೇರಿಗೆ ಬನ್ನಿ. ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು ಎಂದು ಎಲ್ಲರಿಗೂ ಗೊತ್ತು. ಅಲ್ಲಿನ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಅವಳೂ ಹೆಣ್ಣು. ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳ ಹೆಸರನ್ನು ಕಲ್ಲು, ತಾಮ್ರ ಮರೆತಿರಲಿಲ್ಲ. ಮರೆತವರು ನಾವು.

ಹಾಗಾದರೆ ರೈಸ್ ಓದಿಟ್ಟ ಮೇಲೆ ಉಳಿದದ್ದೇನು ಎಂದು ಕೇಳಬಹುದು. ಉತ್ತರ ಶ್ರವಣಬೆಳಗೊಳದಲ್ಲಿದೆ, ನಾಗಮಂಗಲ ಮತ್ತು ಕೆ.ಆರ್. ಪೇಟೆಗಳ ಗಡಿ ದಾಟಿದರೆ ಸಿಗುವ ಬೆಟ್ಟದಲ್ಲಿ. 1889ರಲ್ಲಿ ರೈಸ್ ಅಲ್ಲಿಂದ ಪ್ರಕಟಿಸಿದ್ದು 144 ಶಾಸನಗಳನ್ನು. ಅದೇ ಬೆಟ್ಟವನ್ನು ನರಸಿಂಹಾಚಾರ್ಯರು ಮತ್ತೆ ಹತ್ತಿದರು. 1923ರ ಪರಿಷ್ಕೃತ ಸಂಪುಟದಲ್ಲಿ ಎಷ್ಟಿದ್ದವು ಗೊತ್ತೇ? 500! ಅದೇ ಬಂಡೆ, ಅದೇ ಮೆಟ್ಟಿಲು, ಸಾವಿರಾರು ಯಾತ್ರಿಕರು ಬರಿಗಾಲಲ್ಲಿ ತುಳಿದ ಅದೇ ಹಾದಿ. ಆ ಪಾದಗಳ ಕೆಳಗೇ ಅಷ್ಟೊಂದು ಮಾತು ಮಲಗಿತ್ತು.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ನಿಂತು ಯೋಚಿಸಿ. ಮೊದಲು ಕಲ್ಲನ್ನು ತೊಳೆದು, ಹಾವಸೆಯನ್ನೂ ಮಣ್ಣನ್ನೂ ಉಜ್ಜಿ ತೆಗೆಯಬೇಕು. ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹರಡಬೇಕು. ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿನೊಳಕ್ಕೆ ಕಾಗದ ಇಳಿಯುವಂತೆ ಮಾಡಬೇಕು. ಆಮೇಲೆ ಮಸಿಯ ಉಂಡೆಯಿಂದ ಹದವಾಗಿ ಒತ್ತಬೇಕು. ಉಬ್ಬಿದ ಜಾಗವೆಲ್ಲ ಕಪ್ಪು, ತಗ್ಗಿನ ಅಕ್ಷರ ಬಿಳಿ. ಒಣಗಿದ ಕಾಗದವನ್ನು ಕಲ್ಲಿನಿಂದ ಬಿಡಿಸಿದಾಗ, ಬರಿಗಣ್ಣಿಗೆ ಏನೂ ಕಾಣದಿದ್ದ ಕಡೆ ಒಂದು ಊರಿನ ಹೆಸರು, ಒಂದು ಕೆರೆಯ ಹೆಸರು, ದನ ಬಿಡಿಸಲು ಹೋಗಿ ಸತ್ತ ಒಬ್ಬ ಯುವಕನ ಹೆಸರು ಎದ್ದು ನಿಲ್ಲುತ್ತದೆ. ಕೆರೆ ಏರಿ, ಹಿತ್ತಿಲು, ಬೇಲಿಸಾಲು, ಬಟ್ಟೆ ಒಗೆಯುವ ಕಲ್ಲು, ಯಾವುದನ್ನೂ ಬಿಡುವಂತಿಲ್ಲ. ಯಾವ ಕಲ್ಲು ಎಲ್ಲಿದೆ ಎಂದು ತೋರಿಸುವವರು ಊರಿನವರೇ, ಅಂದೂ ಇಂದೂ. ಅವರ ಸಹಾಯವಿಲ್ಲದೆ ಒಂದು ಸಾಲೂ ಅಚ್ಚಾಗುತ್ತಿರಲಿಲ್ಲ. ಮುಂದೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕವನ್ನು ಪರಿಷ್ಕರಿಸಿದಾಗ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಸೇರಿಯೇ 6ನೆಯ ಸಂಪುಟವಾಯಿತು. ನಾಗಮಂಗಲ 7ನೆಯದರಲ್ಲಿ ಸೇರಿತು. ಆ ದಪ್ಪ ಪುಸ್ತಕಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ತೊಣ್ಣೂರು, ಮೇಲುಕೋಟೆ, ಹೊಸಹೊಳಲು, ಕಂಬದಹಳ್ಳಿ ಎಲ್ಲವೂ ಬೇರೆಯೇ ಕಾಣತೊಡಗುತ್ತವೆ.

ಇಷ್ಟಾದರೂ ನರಸಿಂಹಾಚಾರ್ಯರನ್ನು ನಾಡು ನೆನೆಯುವುದು ಕಲ್ಲಿಗಾಗಿ ಅಲ್ಲ, ಓಲೆಗರಿಗಾಗಿ. ‘ಕರ್ಣಾಟಕ ಕವಿಚರಿತೆ’! ಮೊದಲ ಸಂಪುಟ 1907ರಲ್ಲಿ, ಎಸ್.ಜಿ. ನರಸಿಂಹಾಚಾರ್ಯರ ಜೊತೆಗೂಡಿ. ಎರಡನೆಯದು 1919, ಮೂರನೆಯದು 1929. ಮೂರೂ ಸೇರಿ ಸಾವಿರಕ್ಕೂ ಹೆಚ್ಚು ಕವಿಗಳು. ಆ ಕಾಲದಲ್ಲಿ ಕನ್ನಡಕ್ಕೆ ಇಷ್ಟು ಕವಿಗಳಿದ್ದಾರೆಂದು ಹೇಳಿದ್ದರೆ ಕನ್ನಡಿಗರೇ ನಂಬುತ್ತಿರಲಿಲ್ಲ. ಗರಿಗಳು ಮಠದ ಅಟ್ಟದಲ್ಲಿ, ಬಸದಿಯ ಪೆಟ್ಟಿಗೆಯಲ್ಲಿ, ಮನೆಯ ಪೂಜೆ ಗೂಡಿನಲ್ಲಿ ಚದುರಿದ್ದವು. ಎಷ್ಟೋ ಕವಿಗಳ ಕಾಲ ಅವರ ಕಾವ್ಯದಲ್ಲೇ ಇರಲಿಲ್ಲ. ಮತ್ತೆ ಹೇಗೆ ಕಂಡುಹಿಡಿಯುವುದು? ಈ ಕವಿ ತನ್ನ ಪೀಠಿಕೆಯಲ್ಲಿ ಯಾರ್ಯಾರನ್ನು ಹೊಗಳಿದ್ದಾನೆ ನೋಡು, ಅವರೆಲ್ಲ ಇವನಿಗಿಂತ ಹಿಂದಿನವರು. ಇವನನ್ನು ಯಾರು ಹೊಗಳಿದ್ದಾರೆ ನೋಡು, ಅವರು ಮುಂದಿನವರು. ಇವನ ಪದ್ಯ ಯಾವ ವ್ಯಾಕರಣದಲ್ಲಿ ಉದಾಹರಣೆಯಾಗಿದೆ, ಆಶ್ರಯ ಕೊಟ್ಟ ದೊರೆಯ ಶಾಸನ ಎಲ್ಲಿದೆ, ಅದರ ತೇದಿ ಏನು? ಇಲ್ಲಿಗೆ ಬಂದಾಗ ನನಗೆ ಹೊಳೆಯಿತು: ಕಲ್ಲು ಓದುವ ಕೆಲಸ ಬೇರೆ, ಗರಿ ಓದುವ ಕೆಲಸ ಬೇರೆ ಅಲ್ಲವೇ ಅಲ್ಲ! ಕೆರೆ ಏರಿಯ ಕಲ್ಲಿನಲ್ಲಿ ಸಿಕ್ಕ ಶಕವರ್ಷವೇ ಅಟ್ಟದಲ್ಲಿ ಸಿಕ್ಕ ಕವಿಯ ಕಾಲವನ್ನು ಹೇಳುತ್ತದೆ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡ ಮನುಷ್ಯ ಸಿಕ್ಕದ್ದು ಕನ್ನಡದ ಪುಣ್ಯ.

ಆ ಪುಟಗಳಲ್ಲಿ ಸಂಚಿ ಹೊನ್ನಮ್ಮ ಇದ್ದಾಳೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಶ್ರೀರಂಗಪಟ್ಟಣದ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುವ ಊಳಿಗದವಳು. ‘ಹದಿಬದೆಯ ಧರ್ಮ’ ಎಂದು ಸಾಂಗತ್ಯದಲ್ಲಿ ಕಾವ್ಯ ಬರೆದಳು. ಅದೇ ಅರಮನೆಯ ವಿದ್ವಾಂಸರಾದ ತಿರುಮಲಾರ್ಯ, ಚಿಕುಪಾಧ್ಯಾಯರ ಸಾಲಿನಲ್ಲಿ ಊಳಿಗದ ಹೆಣ್ಣಿಗೂ ಕವಿ ಎಂಬ ಸ್ಥಾನ! ಹೊನ್ನಮ್ಮ ಓಡಾಡಿದ ಪಟ್ಟಣದ ಪಕ್ಕದ ಕೊಪ್ಪಲಿನವರೇ ಅವಳ ಚರಿತ್ರೆಯನ್ನು ದಾಖಲಿಸಿದರು ಎಂದರೆ, ಕಾವೇರಿ ಸೀಮೆ ತನ್ನ ಮಗಳನ್ನು ತಾನೇ ಎತ್ತಿಕೊಂಡಂತಾಯಿತು.

ಬರೆಯದ ಕವಿಗಳ ಗತಿ? ಹೊಲದಲ್ಲಿ ನಾಟಿ ಹಾಕುತ್ತ, ರಾಗಿ ಬೀಸುತ್ತ ಪದ ಕಟ್ಟಿದವರು ಓಲೆಗರಿಗೂ ಏರಲಿಲ್ಲ, ಕಲ್ಲಿಗೂ ಏರಲಿಲ್ಲ. ಅವರನ್ನು ಹುಡುಕಲು ಹೊರಟವರೂ ಇದೇ ಸೀಮೆಯವರು! ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿ, 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿ. ವಿದೇಶಿ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದವರು. ಸರ್ಕಾರಿ ಕೆಲಸ ಮುಗಿಸಿದ ಮೇಲೆ ಅವರು ಹಳ್ಳಿ ಹಳ್ಳಿಯ ಹಾಡುಗಾರರನ್ನು ಹುಡುಕಿ ಧ್ವನಿ ಮುದ್ರಿಸಿಕೊಂಡರು. ನರಸಿಂಹಾಚಾರ್ಯರ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು, ಇವರ ಹಾಡುಗಾರ್ತಿ ಬರುವ ಸುಗ್ಗಿಯವರೆಗೆ ಇರುತ್ತಾಳೋ ಇಲ್ಲವೋ. ಆ ಅವಸರದಲ್ಲೇ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ, ರಾಮನಗರದ ಬಳಿ ‘ಜಾನಪದ ಲೋಕ’ 1994ರಲ್ಲಿ ಬಾಗಿಲು ತೆರೆದಾಗ ಗೌಡರಿಗೆ 79. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1918ರ ಧಾರವಾಡದ ಸಮ್ಮೇಳನಕ್ಕೆ ನರಸಿಂಹಾಚಾರ್ಯರು ಅಧ್ಯಕ್ಷರಾಗಿದ್ದಂತೆ.

ಇಬ್ಬರ ವರ್ಷಗಳನ್ನು ಪಕ್ಕ ಪಕ್ಕ ಬರೆದು ಕೂಡಿ ಕಳೆದು ನೋಡಿದೆ. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರದೆ, ಹೊಸದಾಗಿ ಸಿಕ್ಕ ವಿಷಯಗಳಿಗಾಗಿ ತಮ್ಮ ಕವಿಚರಿತೆಯ ಮೊದಲ ಸಂಪುಟವನ್ನೇ ತಿದ್ದಿ ಬೆಳೆಸಿ 1924ರಲ್ಲಿ ಮತ್ತೆ ಅಚ್ಚು ಹಾಕಿಸಿದಾಗ ನರಸಿಂಹಾಚಾರ್ಯರಿಗೆ 64 ವರ್ಷ. ಜಾನಪದ ಪರಿಷತ್ತು ಕಟ್ಟಿದಾಗ ನಾಗೇಗೌಡರಿಗೂ 64!