ಉಡುಪಿ–ಶಿವಮೊಗ್ಗ: ಲಾರಿಯ ದೂರವೇ ಲೆಕ್ಕದ ದೂರ

ಉಡುಪಿಯಿಂದ ಶಿವಮೊಗ್ಗಕ್ಕೆ ವಾಯುಮಾರ್ಗದ ನೇರ ಅಂತರ ಸುಮಾರು 110 ಕಿ.ಮೀ. ಪರ್ಕಳ, ಹೆಬ್ರಿ, ಆಗುಂಬೆ, ತೀರ್ಥಹಳ್ಳಿಗಳ ಮೂಲಕ ರಸ್ತೆಯಲ್ಲಿ ಅದು ಸುಮಾರು 150 ಕಿ.ಮೀ. ಆಗುತ್ತದೆ. ಸೋಮೇಶ್ವರದಿಂದ ಮೇಲೇರುವ ಘಾಟಿಯೊಂದರಲ್ಲಿಯೇ 14 ಕಡಿದಾದ ತಿರುವುಗಳಿವೆ. ಬಾಡಿಗೆ, ಡೀಸೆಲ್ ಎರಡಕ್ಕೂ ರಸ್ತೆಯ ಅಂಕಿಯೇ ಆಧಾರ. ಇ-ವೇ ಬಿಲ್ಲಿನ ಅವಧಿಗೂ ಅದೇ. 2020ರ ಅಂತ್ಯದವರೆಗೆ ಪ್ರತಿ 100 ಕಿ.ಮೀ.ಗೆ ಒಂದು ದಿನವಿದ್ದುದರಿಂದ ಈ ಮಾರ್ಗಕ್ಕೆ ಎರಡು ದಿನ ದೊರೆಯುತ್ತಿತ್ತು. 2021ರ ಜನವರಿ 1ರಿಂದ 200 ಕಿ.ಮೀ.ವರೆಗೂ ಒಂದೇ ದಿನ. ಘಟ್ಟದ ಮಳೆಯನ್ನು ನಿಯಮ ರೂಪಿಸಿದವರು ಕಂಡಂತಿಲ್ಲ! ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರೀ ವಾಹನಗಳನ್ನು ನಿಷೇಧಿಸಿದಾಗ ಬಾಳೆಬರೆ ಘಾಟಿಯಂತಹ ಸುತ್ತುದಾರಿ ಅನಿವಾರ್ಯ. ಲಾರಿ ತಡವಾದಲ್ಲಿ, ಅವಧಿ ಮುಗಿಯುವ ಹಿಂದಿನ ಅಥವಾ ಮುಂದಿನ 8 ಗಂಟೆಗಳೊಳಗೆ ಕಾರಣ ಸಹಿತ ವಿಸ್ತರಣೆ ಪಡೆಯತಕ್ಕದ್ದು. ತಪ್ಪಿ ಸರಕು ತಡೆಹಿಡಿಯಲ್ಪಟ್ಟರೆ, ಮಾಲೀಕರೇ ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡಕ್ಕೆ ಅವಕಾಶವಿದೆ.